ಇಂಗ್ಲಿಷು ಭಾಷೆಯಲ್ಲಿ ಸಂತೋಷವಾಚಕ ಶಬ್ದಗಳು

ಈ ಸ್ಮರಣ ಸಂಚಿಕೆಗೆ ನಮ್ಮಿಂದಲೂ ಒಂದು ಲೇಖನವು ಬೇಕೆಂದು ಸಂಪಾದಕ ಮಂಡಲಿಯವರು ಕೇಳಿದರು. ಶಾಲೆಯ ಕಟ್ಟಡ, ಪರೀಕ್ಷಾಫಲ, ಆಟಪಾಟ ಮುಂತಾದವುಗಳ ವಿಷಯವಾಗಿ ಇತರರು ನಮಗಿಂತ ಚೆನ್ನಾಗಿ ಬರೆಯುವರೆಂದು ತಿಳಿದು, ಇಪ್ಪತ್ತು ವರುಷಗಳಿಗೂ ಮೇಲ್ಪಟ್ಟು ನಾವು ತರಗತಿಯಲ್ಲಿ ಕಲಿಸುತ್ತ ಬಂದಿರುವ ಇಂಗ್ಲಿಷು ಭಾಷೆಯಲ್ಲಿಯೇ ಒಂದು ಸಣ್ಣ ಮೂಲೆಯನ್ನು ಆರಿಸಿಕೊಂಡೆವು. ಸಂತೋಷವನ್ನೂ ಮನಸ್ಸಿನ ಉಲ್ಲಾಸವನ್ನೂ ಹೇಳುವುದಕ್ಕೆ ಆ ಭಾಷೆಯಲ್ಲಿ ಎಂಥೆಂಥ ಮಾತುಗಳುಂಟು, ಅವುಗಳೊಳಗೆ ಭೇದವೇನು, ನಮ್ಮ ಹುಡುಗಿಯರು ಅವುಗಳಲ್ಲಿ ಒಂದನ್ನೇ ಹಿಡಿದುಕೊಂಡು ಉಳಿದವುಗಳನ್ನು ಬಿಟ್ಟುಬಿಡುವುದರಿಂದ ಆಗುವ ನಷ್ಟವೇನು ಎಂಬುದೇ ಇಲ್ಲಿಯ ವಿಷಯ. ಇದು ಬರೇ ವ್ಯಾಕರಣದ ಮಾತಲ್ಲವೆಂದು ನಮಗೆ ತಿಳಿಸಿಕೊಟ್ಟದ್ದು ಒಬ್ಬ ಹಳೆಯ ವಿದ್ಯಾರ್ಥಿನಿಯ ಕಾಗದಗಳು. ಅವಳ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ.

ನಾವು ಉಪಾಧ್ಯಾಯಿನಿಯಾಗಿ ಸೇರಿದ ಹೊಸತರಲ್ಲಿ, ಇಲ್ಲಿ ಓದಿ ಮುಗಿಸಿದ್ದ ಆ ಹುಡುಗಿಯು ದೂರದ ಊರೊಂದರಲ್ಲಿ ದಾದಿಯರ ಶಿಕ್ಷಣಕ್ಕೆ ಸೇರಿದಳು. ಹೊರಡುವ ದಿವಸ ನಾವು ಅವಳಿಗೆ, “ತಿಂಗಳಿಗೊಂದು ಕಾಗದ ಬರೆ, ಆದರೆ ಇಂಗ್ಲಿಷಿನಲ್ಲಿಯೇ ಬರೆ, ಅಭ್ಯಾಸವಾಗಲಿ” ಎಂದು ಹೇಳಿ ಕಳುಹಿಸಿದೆವು. ಅವಳು ಮಾತು ಮೀರುವವಳಲ್ಲ. ತಿಂಗಳಿಗೊಂದರಂತೆ ಏಳು ಕಾಗದಗಳು ಬಂದವು. ಏಳರಲ್ಲಿಯೂ ತಾನು ಹ್ಯಾಪಿಯಾಗಿದ್ದೇನೆಂಬ ಒಕ್ಕಣೆ. ನಾವು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಕಳುಹಿಸುತ್ತಿದ್ದೆವು. ಎಂಟನೆಯ ತಿಂಗಳಲ್ಲಿ ಅವಳ ತಾಯಿಯವರು ಶಾಲೆಯ ಜಗಲಿಗೆ ಬಂದು ನಿಂತು, “ಟೀಚರಮ್ಮಾ, ಮಗಳು ಫೋನಿನಲ್ಲಿ ಬರೀ ಅಳುತ್ತಾಳೆ, ಕೇಳಿದರೆ ಏನೂ ಹೇಳುವುದಿಲ್ಲ, ನಿಮಗೇನಾದರೂ ಬರೆದಿದ್ದಾಳೆಯೇ?” ಎಂದು ಕೇಳಿದರು. ನಾವು ಏಳು ಕಾಗದಗಳನ್ನೂ ಓದಿ ಹೇಳಿದೆವು. ಓದಿದಷ್ಟೂ ನಮಗೇ ನಾಚಿಕೆಯಾಯಿತು. ಆ ರಾತ್ರಿಯೇ, “ಈ ಸಾರಿ ಕನ್ನಡದಲ್ಲಿ ಬರೆ” ಎಂದು ಒಂದು ಕಾಗದ ಹಾಕಿದೆವು. ಉತ್ತರವು ನಾಲ್ಕು ಹಾಳೆ ಬಂತು. ಅದರಲ್ಲಿ ಬರೇ ದುಃಖವೇ ಇರಲಿಲ್ಲ. ಮೊದಲ ತಿಂಗಳು ನೆಮ್ಮದಿ. ಎರಡನೆಯ ತಿಂಗಳು ಒಂದು ಮಗು ಬದುಕಿ ಮನೆಗೆ ಹೋದುದಕ್ಕೆ ಕುಣಿಯುವಷ್ಟು ಹಿಗ್ಗು. ನಾಲ್ಕನೆಯದರಿಂದ ರಾತ್ರಿ ಪಾಳಿಯ ಭಯ, ಬೆಳಗಾದ ಮೇಲೆ ‘ಇವತ್ತಿಗೆ ಮುಗಿಯಿತಲ್ಲ’ ಎಂಬ ಉಸಿರು. ಇಷ್ಟಕ್ಕೂ ಅವಳು ಹಾಕುತ್ತಿದ್ದ ಪದ ಒಂದೇ. ಯಾಕೆಂದು ನಾವು ಮುಂದೆ ಕೇಳಿದಾಗ, “ಬೇರೆ ಮಾತು ಬರುತ್ತಿರಲಿಲ್ಲ ಟೀಚರ್. ಹ್ಯಾಪಿ ಎಂದು ಬರೆದರೆ ನೀವು ತಿದ್ದುತ್ತಿರಲಿಲ್ಲ” ಎಂದಳು.

ಆ ಹ್ಯಾಪಿ ಎಂಬ ಪದವನ್ನೇ ಮೊದಲು ನೋಡೋಣ. ಇದರ ಬೇರಿನಲ್ಲಿ ಸಂತೋಷವೆಂಬ ಅರ್ಥವೇ ಇಲ್ಲ. ಉತ್ತರ ಯೂರೋಪಿನ ನಾರ್ಸ್ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂದ ‘ಹ್ಯಾಪ್’ ಎಂಬ ಮಾತಿಗೆ ಅದೃಷ್ಟ, ತಾನಾಗಿ ಒದಗಿಬಂದದ್ದು ಎಂದರ್ಥ. ಸಂಭವಿಸು ಎಂಬರ್ಥದ ‘ಹ್ಯಾಪನ್’, ಒಂದು ವೇಳೆ ಎಂಬರ್ಥದ ‘ಪರ್‌ಹ್ಯಾಪ್ಸ್’, ಅವಘಡವೆಂಬರ್ಥದ ‘ಮಿಸ್‌ಹ್ಯಾಪ್’ ಇವೆಲ್ಲವೂ ಅದರ ಮಕ್ಕಳೇ. ೧೪ನೆಯ ಶತಮಾನದಲ್ಲಿ ಈ ಪದವು ಬಳಕೆಗೆ ಬಂದಾಗ, ಹ್ಯಾಪಿ ಎನ್ನಿಸಿಕೊಂಡವನು ಮೊದಲು ಅದೃಷ್ಟವಂತನೇ ಹೊರತು ನಗುಮುಖದವನಲ್ಲ. ಅದೃಷ್ಟವಿದ್ದವನು ನಗುತ್ತಾನೆಂಬ ಲೋಕಾನುಭವದಿಂದ ಅರ್ಥವು ಮೆಲ್ಲಮೆಲ್ಲನೆ ಹೊರಗಿನಿಂದ ಒಳಕ್ಕೆ ಸರಿಯಿತು. ಆದರೂ ಇಂದಿಗೂ ‘ಹ್ಯಾಪಿ ಚಾನ್ಸ್’ ಎಂಬಲ್ಲಿ ಹಳೆಯ ಅರ್ಥವು ಉಳಿದುಕೊಂಡಿದೆ.

ಇದರಲ್ಲಿ ಕನ್ನಡಿಗರು ಗಮನಿಸತಕ್ಕ ಒಂದು ವಿನೋದವುಂಟು. ನಾವು ‘ನನಗೆ ಸಂತೋಷವಾಯಿತು’ ಎನ್ನುತ್ತೇವೆ. ಅಂದರೆ ಸಂತೋಷವು ನಮ್ಮ ಬಳಿಗೆ ಬಂದು ಆಗುವಂಥಾದ್ದು, ಮಳೆ ಬಂದಂತೆ, ಹಸಿವೆಯಾದಂತೆ. ಇಂಗ್ಲಿಷರವರಾದರೋ ‘ಐ ಆಮ್ ಹ್ಯಾಪಿ’ ಎಂದು ತಾವೇ ಕರ್ತೃವಾಗಿ ನಿಲ್ಲುತ್ತಾರೆ. ಎಂಟನೆಯ ತರಗತಿಯಲ್ಲಿ ‘ಹ್ಯಾಪಿ ಕೇಮ್ ಟು ಮಿ’ ಎಂದು ಬರೆಯುವ ಹುಡುಗಿಯು ಪ್ರತಿ ವರುಷವೂ ಒಬ್ಬಳಾದರೂ ಇರುತ್ತಾಳೆ. ವ್ಯಾಕರಣದಿಂದ ಅದು ತಪ್ಪೇ ಸರಿ, ತಿದ್ದಲೇ ಬೇಕು. ಆದರೆ ಪದದ ಹುಟ್ಟನ್ನು ನೋಡಿದರೆ, ತಾನಾಗಿ ಒದಗಿಬರುವುದೆಂಬ ಅವಳ ಕನ್ನಡದ ಎಣಿಕೆಯು ಆ ಹಳೆಯ ಹ್ಯಾಪ್‌ಗೆ ಬಹಳ ಸಮೀಪದಲ್ಲಿಯೇ ಇದೆಯೆಂದು ನಾವು ತಿದ್ದುವಾಗ ಅವಳಿಗೆ ಹೇಳುತ್ತೇವೆ.

ಹ್ಯಾಪಿಯು ದೊಡ್ಡ ಚೀಲದಂಥ ಪದ. ಯಾವುದನ್ನು ಹಾಕಿದರೂ ಹಿಡಿಸುತ್ತದೆ. ಅದಕ್ಕಿಂತ ಬಿಗಿಯಾದವುಗಳನ್ನು ಕ್ರಮವಾಗಿ ಹೇಳುವುದಾದರೆ, ಒಂದು ಕೆಲಸವು ಮನಸ್ಸಿಗೆ ಒಪ್ಪಿತವಾದಾಗ ‘ಪ್ಲೀಸ್ಡ್’ ಎನ್ನುತ್ತಾರೆ. ಒಂದು ಸುದ್ದಿಯನ್ನು ಕೇಳಿ ಆಗುವ ಸಂತೋಷಕ್ಕೆ ‘ಗ್ಲಾಡ್’. ಎಣಿಸಿದ್ದಕ್ಕಿಂತ ಹೆಚ್ಚಾಗಿ ಒದಗಿದಾಗ ‘ಡಿಲೈಟೆಡ್’. ಮೈಮೇಲೆ ಎಚ್ಚರವಿಲ್ಲದಷ್ಟು ಆದರೆ ‘ಓವರ್‌ಜಾಯ್ಡ್’. ಡಿಲೈಟೆಡ್ ಎಂಬುದರ ಹಿಂದೆ ‘ವೆರಿ’ ಎಂಬುದನ್ನು ಸೇರಿಸುವ ವಾಡಿಕೆ ಇಲ್ಲ; ಯಾತಕ್ಕೆಂದರೆ ಬಹಳವೆಂಬುದು ಅದರೊಳಗೇ ಅಡಗಿದೆ. ಗ್ಲಾಡ್ ಎಂಬುದನ್ನು ಮನುಷ್ಯರ ಹೆಸರಿನ ಮುಂದೆ ವಿಶೇಷಣವಾಗಿ ಸಾಮಾನ್ಯವಾಗಿ ಹಾಕುವುದಿಲ್ಲ. ‘ದಿ ಗರ್ಲ್ ಈಸ್ ಗ್ಲಾಡ್’ ಸರಿ, ‘ಅ ಗ್ಲಾಡ್ ಗರ್ಲ್’ ಕಿವಿಗೆ ಹಿತವಲ್ಲ. ಈ ಗ್ಲಾಡ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಹೊಳೆಯುವುದು, ಥಳಥಳಿಸುವುದು ಎಂಬ ಅರ್ಥವಿತ್ತು. ಒಳ್ಳೆಯ ಸುದ್ದಿ ಕೇಳಿದವಳ ಮುಖದಲ್ಲಿ ಕಳೆಯೇರಿತೆಂದು ನಾವು ಹೇಳುವುದಿಲ್ಲವೇ, ಹಾಗೆ. ಡಿಲೈಟ್ ಎಂಬುದನ್ನು ನೋಡಿದರೆ ಅದರಲ್ಲಿಯೂ ಬೆಳಕೆಂಬರ್ಥದ ‘ಲೈಟ್’ ಕುಳಿತಿರುವಂತೆ ಕಾಣುತ್ತದೆ; ಆದರೆ ಅದು ಭ್ರಮೆ. ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದ ಆ ಪದದಲ್ಲಿ ಜಿ, ಎಚ್ ಎಂಬ ಅಕ್ಷರಗಳು ಮೊದಲು ಇರಲಿಲ್ಲ. ೧೬ನೆಯ ಶತಮಾನದವರು ಲೈಟ್ ಎಂಬುದರ ಬರವಣಿಗೆಯನ್ನು ಕಂಡು ಇದಕ್ಕೂ ಅವನ್ನು ಅಂಟಿಸಿದರು. ಕಾಗುಣಿತದ ಪರೀಕ್ಷೆಯಲ್ಲಿ ಆ ಎರಡು ಅಕ್ಷರಗಳನ್ನು ಬಿಟ್ಟು ಅಂಕ ಕಳೆದುಕೊಂಡ ನಮ್ಮ ಹಳೆಯ ವಿದ್ಯಾರ್ಥಿನಿಯರು, ತಮ್ಮ ತಪ್ಪು ಆ ಶತಮಾನಕ್ಕೆ ಮುಂಚೆ ಆಗಿದ್ದರೆ ತಪ್ಪಾಗುತ್ತಿರಲಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು.

‘ಜಾಯ್’ ಎಂಬುದು ಇವೆಲ್ಲಕ್ಕಿಂತ ಆಳವಾದದ್ದು. ಬಹುಮಾನ ಬಂದುದಕ್ಕೆ ಗ್ಲಾಡ್ ಸಾಕು, ಹೆತ್ತ ಕೂಸನ್ನು ಮೊದಲ ಬಾರಿಗೆ ಎತ್ತಿಕೊಂಡವಳಿಗೆ ಜಾಯ್ ಬೇಕು. ಇನ್ನು ಅದರ ಮನೆತನದ ‘ಎಂಜಾಯ್’ ಎಂಬ ಕ್ರಿಯಾಪದದಿಂದ ನಮ್ಮ ನಾಡಿನಲ್ಲಿ ಆಗುವ ತಪ್ಪಿಗೆ ಲೆಕ್ಕವಿಲ್ಲ. ಅದು ಸಕರ್ಮಕ ಕ್ರಿಯೆ. ಏನನ್ನು ಎಂಬುದನ್ನು ಹೇಳಲೇ ಬೇಕು. ಪ್ರವಾಸ ಮುಗಿಸಿ ಬಂದವರು ‘ವಿ ಎಂಜಾಯ್ಡ್ ಇನ್ ಮೈಸೂರು’ ಎಂದು ಬರೆದರೆ ಇಂಗ್ಲಿಷು ಬಲ್ಲವರು ಮೈಸೂರಿನಲ್ಲಿ ಏನನ್ನು ಎಂದು ಕಾಯುತ್ತ ನಿಲ್ಲುತ್ತಾರೆ. ಬೇರೇನೂ ಹೇಳುವುದಕ್ಕಿಲ್ಲದಿದ್ದರೆ ‘ಅವರ್‌ಸೆಲ್ವ್ಸ್’ ಎಂಬುದನ್ನಾದರೂ ಸೇರಿಸಬೇಕು. ‘ಎಕ್ಸೈಟೆಡ್’, ‘ಎಕ್ಸೈಟಿಂಗ್’ ಎಂಬ ಜೋಡಿಯ ವಿಷಯವೂ ಹೀಗೆಯೇ. ಉತ್ಸಾಹವನ್ನು ಪಡೆದವಳು ಮೊದಲಿನದು, ಉತ್ಸಾಹವನ್ನು ಕೊಡುವ ವಸ್ತುವು ಎರಡನೆಯದು. ‘ಐ ಆಮ್ ಎಕ್ಸೈಟಿಂಗ್’ ಎಂದು ಬರೆದ ಹುಡುಗಿಯು ತನಗರಿಯದೆಯೇ ತನ್ನನ್ನು ಹೊಗಳಿಕೊಂಡಂತಾಗುತ್ತದೆ.

ಮುಖದ ಮಾತು ಬಂತಲ್ಲ. ‘ಚಿಯರ್’ ಎಂಬುದು ಮುಖವೇ. ಹಳೆಯ ಫ್ರೆಂಚಿನಲ್ಲಿ ಆ ಪದಕ್ಕೆ ಮುಖವೆಂದೇ ಅರ್ಥ; ಇಂಗ್ಲಿಷಿಗೆ ಬಂದ ಮೊದಲಲ್ಲಿಯೂ ಅದೇ. ಮುಖದಿಂದ ಮುಖಭಾವ, ಅದರಿಂದ ಮನೋಭಾವ, ಅದರಿಂದ ಒಳ್ಳೆಯ ಮನೋಭಾವ, ಕೊನೆಗೆ ಅಂಥ ಮನೋಭಾವವನ್ನು ತರುವ ಊಟೋಪಚಾರ, ಹೀಗೆ ಅದು ನಡೆದುಬಂದ ದಾರಿ. ೧೬೧೧ರ ಇಂಗ್ಲಿಷು ಬೈಬಲಿನಲ್ಲಿ, ಮೂಲ ಗ್ರೀಕಿನಲ್ಲಿ ಧೈರ್ಯ ತಂದುಕೊಳ್ಳಿರೆಂಬ ಮಾತಿರುವ ಕಡೆ ಭಾಷಾಂತರಕಾರರು ಈ ಚಿಯರ್ ಎಂಬ ಪದವನ್ನೇ ಇಟ್ಟರು. ನಮ್ಮ ಕನ್ನಡ ಬೈಬಲು ಆ ಕಡೆ ಧೈರ್ಯವೆಂದೇ ಹೇಳುತ್ತದೆ. ಆದಕಾರಣ ‘ಚಿಯರ್‌ಫುಲ್’ ಎಂಬುದು ಒಂದು ಗಳಿಗೆಯ ಸಂತೋಷವಲ್ಲ, ಕಷ್ಟದಲ್ಲಿಯೂ ಮುಖ ಬಾಡದಂತೆ ಇರುವ ಸ್ವಭಾವ. ಹ್ಯಾಪಿಯಲ್ಲದವಳೂ ಚಿಯರ್‌ಫುಲ್ ಆಗಿರಬಹುದು. ನಮ್ಮ ಆ ದಾದಿಯ ಹುಡುಗಿಯು ಏಳು ತಿಂಗಳು ಇದ್ದದ್ದು ಹಾಗೆಯೇ ಎಂದು ಈಗ ನಮಗೆ ತೋರುತ್ತದೆ.

‘ಮೆರಿ’ ಎಂಬುದರ ಬೇರು ಇನ್ನೂ ಸ್ವಾರಸ್ಯವಾದದ್ದು. ಗಿಡ್ಡದು, ಚಿಕ್ಕದು ಎಂಬರ್ಥದ ಹಳೆಯ ಬೇರಿನಿಂದ ಅದು ಬಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅಂದರೆ ಹೊತ್ತನ್ನು ಚಿಕ್ಕದಾಗಿ ಮಾಡುವಂಥಾದ್ದು. ಒಳ್ಳೆಯವರ ಸಂಗಡ ಮಾತಾಡುತ್ತ ಕುಳಿತು ಎದ್ದಾಗ ‘ಹೊತ್ತು ಹೋದದ್ದೇ ತಿಳಿಯಲಿಲ್ಲ’ ಎನ್ನುವೆವಲ್ಲ, ಅದೇ ಅನುಭವ. ಆದಕಾರಣ ಒಬ್ಬಳೇ ಕುಳಿತವಳಿಗೆ ಮೆರಿ ಎಂಬ ಪದವು ಒಪ್ಪುವುದಿಲ್ಲ. ಅದಕ್ಕೆ ಜನ ಬೇಕು, ನಗು ಬೇಕು, ಸದ್ದು ಬೇಕು. ೧೮೪೩ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬವರು ಮಾರಾಟಕ್ಕಾಗಿ ಅಚ್ಚು ಹಾಕಿಸಿದ ಮೊದಲ ಕ್ರಿಸ್ಮಸ್ ಕಾರ್ಡಿನಲ್ಲಿ ಕ್ರಿಸ್ಮಸಿಗೆ ಮೆರಿ ಎಂದೂ ಹೊಸ ವರುಷಕ್ಕೆ ಹ್ಯಾಪಿ ಎಂದೂ ಇತ್ತು. ಅದೇ ವರುಷ ಪ್ರಕಟವಾದ ಡಿಕನ್ಸನ ಕ್ರಿಸ್ಮಸ್ ಕಥೆಯೂ ಆ ಹಾರೈಕೆಯನ್ನು ಮನೆಮನೆಗೆ ಹಬ್ಬಿಸಿತು. ಹಬ್ಬವು ಒಂದು ದಿನದ ಕೂಟ, ಆದ್ದರಿಂದ ಮೆರಿ. ವರುಷವು ಮುನ್ನೂರ ಅರವತ್ತೈದು ದಿನದ ಅದೃಷ್ಟ, ಆದ್ದರಿಂದ ಹ್ಯಾಪಿ. ಈ ಹಂಚಿಕೆಯನ್ನು ಯಾರೂ ಯೋಚಿಸಿ ಮಾಡಿರಲಿಕ್ಕಿಲ್ಲ, ಆದರೂ ಚೆನ್ನಾಗಿಯೇ ಇದೆ.

ನಗುನಗುತ್ತ ಎಲ್ಲರನ್ನೂ ಮಾತಾಡಿಸುವ ಮನುಷ್ಯನನ್ನು ‘ಜೋವಿಯಲ್’ ಎನ್ನುತ್ತಾರೆ. ಇದು ‘ಜೋವ್’ ಅಂದರೆ ಗುರುಗ್ರಹದ ಹೆಸರಿನಿಂದ ಬಂದದ್ದು. ಆ ಗ್ರಹದ ಪ್ರಭಾವದಲ್ಲಿ ಹುಟ್ಟಿದವರು ಹಸನ್ಮುಖಿಗಳೆಂದು ಯೂರೋಪಿನ ಜ್ಯೋತಿಷ್ಯರು ಹೇಳುತ್ತಿದ್ದರು. ಶನಿಗ್ರಹದಿಂದ ‘ಸ್ಯಾಟರ್ನೈನ್’, ಅಂದರೆ ಮುಖ ಗಂಟಿಕ್ಕಿದವನು. ಗುರುಬಲವೆಂದೂ ಶನಿಕಾಟವೆಂದೂ ಮಾತಾಡುವ ನಮ್ಮ ನಾಡಿನವರಿಗೆ ಈ ಎರಡು ಪದಗಳನ್ನು ಕಲಿಸುವುದಕ್ಕೆ ಕಷ್ಟವೇ ಇಲ್ಲ. ಗ್ರಹಗಳನ್ನು ನಂಬುವುದೂ ಬಿಡುವುದೂ ಬೇರೆ ವಿಷಯ. ದೇಹದ ನಾಲ್ಕು ದ್ರವಗಳಿಂದ ಮನಸ್ಸಿನ ಸ್ಥಿತಿಯು ಏರ್ಪಡುತ್ತದೆಂಬ ಗ್ರೀಕ್ ವೈದ್ಯರ ಹಳೆಯ ಸಿದ್ಧಾಂತವೂ ಹೀಗೆಯೇ ಮಾತಿನಲ್ಲಿ ಉಳಿದಿದೆ. ಲ್ಯಾಟಿನ್ನಿನಲ್ಲಿ ‘ಹ್ಯೂಮರ್’ ಎಂದರೆ ದ್ರವ, ತೇವ. ಆದಕಾರಣ ‘ಗುಡ್ ಹ್ಯೂಮರ್’ ಎಂದರೆ ಪ್ರಸನ್ನಚಿತ್ತ, ಹಾಸ್ಯವಲ್ಲ. ರಕ್ತವು ಹೆಚ್ಚಾದವನು ‘ಸ್ಯಾಂಗ್ವಿನ್’, ಸದಾ ಒಳ್ಳೆಯದನ್ನೇ ಎದುರುನೋಡುವವನು. ಕಪ್ಪು ಪಿತ್ತವು ಹೆಚ್ಚಾದವನು ‘ಮೆಲಂಕಲಿ’. ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿತೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಜ್ಞಾಪಿಸಿಕೊಂಡರೆ ಇದೂ ಹೊಸತೆನಿಸದು.

ಈಗಿನ ಹುಡುಗಿಯರ ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು ‘ಮೂಡ್’ ಎಂಬ ಪದ. ‘ಮೂಡ್ ಔಟ್’, ‘ಮೂಡ್ ಆಫ್’ ಎಂಬವು ನಮ್ಮ ದೇಶದಲ್ಲಿ ಹುಟ್ಟಿದ ಪ್ರಯೋಗಗಳು. ಇಂಗ್ಲೆಂಡಿನವಳಿಗೆ ಹೇಳಿದರೆ ದೀಪವೋ ಯಂತ್ರವೋ ಆರಿಹೋಯಿತೆಂದು ತಿಳಿದಾಳು. ಇನ್ನೂ ಒಂದು ಎಚ್ಚರಿಕೆ ಬೇಕು. ‘ಶಿ ಈಸ್ ಇನ್ ಅ ಗುಡ್ ಮೂಡ್’ ಎಂದರೆ ಉಲ್ಲಾಸದಲ್ಲಿದ್ದಾಳೆ ಎಂದರ್ಥ; ನಡುವಣ ‘ಗುಡ್’ ಎಂಬುದನ್ನು ಬಿಟ್ಟು ‘ಇನ್ ಅ ಮೂಡ್’ ಎಂದರೆ ಮುನಿಸಿಕೊಂಡಿದ್ದಾಳೆ ಎಂದಾಗುತ್ತದೆ. ‘ಮೂಡಿ’ ಎಂಬುದೂ ಹೊಗಳಿಕೆಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಮೂಡ್ ಎಂಬುದಕ್ಕೆ ಮನಸ್ಸು, ಎದೆಗಾರಿಕೆ ಎಂಬ ಘನವಾದ ಅರ್ಥಗಳಿದ್ದವು. ಅದರ ಜರ್ಮನ್ ತಂಗಿಯು ಇಂದಿಗೂ ಧೈರ್ಯವೆಂಬ ಅರ್ಥದಲ್ಲಿದ್ದಾಳೆ. ಮನಸ್ಸಿನಲ್ಲಿ ಭಾವವು ‘ಮೂಡು’ತ್ತದೆಂಬ ನಮ್ಮ ಕನ್ನಡದ ಮಾತಿಗೂ ಇದಕ್ಕೂ ಸಂಬಂಧವಿಲ್ಲ, ಕೇಳುವುದಕ್ಕೆ ಮಾತ್ರ ಚೆಂದ. ‘ಇನ್ ಹೈ ಸ್ಪಿರಿಟ್ಸ್’ ಎಂದರೆ ಬಹಳ ಉಲ್ಲಾಸದಲ್ಲಿರುವುದು. ಅದನ್ನು ಬಹುವಚನದಲ್ಲಿಯೇ ಹೇಳತಕ್ಕದ್ದು. ಸ್ಪಿರಿಟ್ಸ್ ಎಂದರೆ ಮದ್ಯವೂ ಆಗುವುದರಿಂದ, ನಮ್ಮ ಹೈಸ್ಕೂಲು ಹುಡುಗಿಯರು ಹೈ ಸ್ಪಿರಿಟ್ಸಿನಲ್ಲಿ ಮನೆಗೆ ಹೋದರೆಂದು ಒಮ್ಮೆ ವಾರ್ಷಿಕ ವರದಿಯಲ್ಲಿ ಬರೆದು, ಓದುವಾಗ ಸಭೆಯಲ್ಲಿ ಒಂದಿಬ್ಬರು ತಂದೆಯವರು ನಕ್ಕದ್ದನ್ನು ನಾವು ಮರೆತಿಲ್ಲ.

ಪದಗಳಿಗಿಂತಲೂ ಕಷ್ಟವಾದದ್ದು ಪದಗಳ ಹಿಂದಿರುವ ಚಿತ್ರ. ಒಂದು ಪ್ರಬಂಧದಲ್ಲಿ ಒಬ್ಬ ಹುಡುಗಿಯು, ತಾನು ಅಜ್ಜಿಗೆ ಔಷಧ ತಂದುಕೊಟ್ಟಾಗ ಅವರು ‘ಮೇ ಯುವರ್ ಸ್ಟಮಕ್ ಬಿ ಕೂಲ್’ ಎಂದು ಹರಸಿದರೆಂದು ಬರೆದಿದ್ದಳು. ಗಟ್ಟಿಯಾಗಿ ಓದಿದಾಗ ಇಡೀ ತರಗತಿಯು ನಕ್ಕಿತು. ಅವಳು ತಲೆ ತಗ್ಗಿಸಿದಳು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂಬುದಕ್ಕಿಂತ ದೊಡ್ಡ ಆಶೀರ್ವಾದವು ನಮ್ಮ ಹಳ್ಳಿಗಳಲ್ಲಿ ಯಾವುದಿದೆ? ಬಿಸಿಲ ನಾಡಿನವರಾದ ನಮಗೆ ಸುಖವೆಂದರೆ ತಂಪು: ಕಣ್ಣು ತಂಪಾಗುತ್ತದೆ, ಮನಸ್ಸು ತಣಿಯುತ್ತದೆ, ದುಃಖವಾದರೆ ಹೊಟ್ಟೆ ಉರಿಯುತ್ತದೆ, ಎದೆ ಬೇಯುತ್ತದೆ. ಚಳಿಯ ದೇಶದವರಿಗೆ ಸುಖವೆಂದರೆ ಒಲೆಯ ಬಿಸಿ: ಸ್ವಾಗತವು ‘ವಾರ್ಮ್’, ಸ್ನೇಹವು ವಾರ್ಮ್, ಒಳ್ಳೆಯ ಕಥೆಯು ಹೃದಯವನ್ನು ವಾರ್ಮ್ ಮಾಡುತ್ತದೆ, ‘ಕೂಲ್’ ಆದ ಸ್ವಾಗತವೆಂದರೆ ಬಾರದಿದ್ದರೂ ಆಗುತ್ತಿತ್ತೆಂಬ ಸೂಚನೆ. ಮುಂದಿನ ಗಂಟೆಯಲ್ಲಿ ನಾವು ಎರಡು ಭಾಷೆಯ ಮಾತುಗಳನ್ನೂ ಕಪ್ಪು ಹಲಗೆಯ ಮೇಲೆ ಎದುರುಬದುರಾಗಿ ಬರೆದು ವಿವರಿಸಿದೆವು. ಆಮೇಲೆ ಯಾರೂ ನಗಲಿಲ್ಲ. ಆ ದಿನ ನಕ್ಕವರಲ್ಲಿ ಮೊದಲು ನಕ್ಕವರು ನಾವೇ ಎಂಬುದನ್ನೂ ಹೇಳಬೇಕಾಗಿದೆ.

ಇದರ ಜತೆಗೆ ಒಂದು ಆಶ್ಚರ್ಯವನ್ನು ಹೇಳುತ್ತೇವೆ. ನಾವು ಸಂತೋಷಕ್ಕೆ ಬಳಸುವ ‘ಹರ್ಷ’ ಎಂಬ ಸಂಸ್ಕೃತ ಪದದ ಮೂಲದಲ್ಲಿ ರೋಮಗಳು ನೆಟ್ಟಗೆ ನಿಲ್ಲುವುದೆಂಬ ಭಾವವುಂಟು. ಅದೇ ಪ್ರಾಚೀನ ಬೇರು ಲ್ಯಾಟಿನ್ನಿಗೂ ಹೋಗಿ, ಅಲ್ಲಿಂದ ಇಂಗ್ಲಿಷಿನಲ್ಲಿ ‘ಹಾರರ್’, ಅಂದರೆ ಘೋರ ಭಯವಾಗಿ ಕುಳಿತಿದೆ. ರೋಮ ನಿಲ್ಲುವುದೊಂದೇ, ಅಲ್ಲಿ ಹೆದರಿ, ಇಲ್ಲಿ ಹಿಗ್ಗಿ. ‘ಎಕ್ಸ್ಟಸಿ’ ಎಂಬ ಗ್ರೀಕ್ ಮೂಲದ ಪದಕ್ಕೆ ತನ್ನಿಂದ ತಾನು ಹೊರಗೆ ನಿಲ್ಲುವುದೆಂದರ್ಥ. ನಾವು ಮೈಮರೆಯುವುದೆಂದು ಹೇಳುವುದೂ ಹೆಚ್ಚುಕಡಮೆ ಅದನ್ನೇ.

ದೊಡ್ಡ ಸಂತೋಷಗಳ ಗದ್ದಲದಲ್ಲಿ ಸಣ್ಣವುಗಳ ಹೆಸರನ್ನು ಹುಡುಗಿಯರು ಕಲಿಯುವುದೇ ಇಲ್ಲ. ‘ಕಂಟೆಂಟ್’ ಎಂಬ ಪದವನ್ನು ನೋಡಿ. ಲ್ಯಾಟಿನ್ನಿನಲ್ಲಿ ಅದಕ್ಕೆ ಒಳಗೆ ಹಿಡಿದಿಟ್ಟುಕೊಂಡದ್ದೆಂಬ ಅರ್ಥ. ತನ್ನ ಪಾತ್ರೆಯಲ್ಲಿ ಎಷ್ಟಿದೆಯೋ ಅಷ್ಟರಲ್ಲಿಯೇ ಇರುವ ಮನಸ್ಸು. ಎರಡನೆಯ ಅಕ್ಷರವನ್ನು ಒತ್ತಿ ಹೇಳಿದರೆ ಈ ಅರ್ಥ, ಮೊದಲನೆಯದನ್ನು ಒತ್ತಿದರೆ ಪೆಟ್ಟಿಗೆಯೊಳಗಣ ಸರಕು. ‘ಸ್ಯಾಟಿಸ್‌ಫೈಡ್’ ಎಂಬುದರಲ್ಲಿ ಸಾಕು ಎಂಬರ್ಥದ ಲ್ಯಾಟಿನ್ ಮಾತೇ ಅಡಗಿದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎಂದವನ ಮುಖವೇ ಅದರ ವ್ಯಾಖ್ಯಾನ. ನಮ್ಮ ‘ಸಂತೋಷ’ವೂ ಮೂಲದಲ್ಲಿ ತೃಪ್ತಿಯೇ. ಇನ್ನು ‘ರಿಲೀವ್ಡ್’ ಎಂಬುದು ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಪದ. ಪರೀಕ್ಷೆ ಮುಗಿದವಳಿಗೆ, ಕಾಯಿಲೆಯ ಮಗುವಿನ ಜ್ವರ ಬಿಟ್ಟ ತಾಯಿಗೆ, ಕಡೆಯ ಬಸ್ಸು ಸಿಕ್ಕಿದವಳಿಗೆ ಆಗುವುದು ಹ್ಯಾಪಿಯಲ್ಲ, ರಿಲೀಫ್. ನಾವು ಎದೆಯ ಭಾರ ಇಳಿಯಿತೆನ್ನುತ್ತೇವೆ. ಆ ಪದದ ಲ್ಯಾಟಿನ್ ಮೂಲವಾದರೋ ಎತ್ತಿ ಹಗುರಮಾಡುವುದೆಂದು ಹೇಳುತ್ತದೆ. ಭಾರವನ್ನು ಅವರು ಮೇಲಕ್ಕೆ ಎತ್ತುತ್ತಾರೆ, ನಾವು ಕೆಳಕ್ಕೆ ಇಳಿಸುತ್ತೇವೆ. ಹೊತ್ತವನಿಗೆ ಎರಡೂ ಸಮವೇ.

ಪುಸ್ತಕಗಳಲ್ಲಿ ಬರುವ ಪದಗಳ ವಿಷಯವಾಗಿ ಎರಡು ಮಾತು. ಶಾಲೆಯಲ್ಲಿ ಬಹುಮಂದಿ ಬಾಯಿಪಾಠ ಮಾಡಿರುವ, ವರ್ಡ್ಸ್‌ವರ್ತ್ ಕವಿಯು ೧೮೦೭ರಲ್ಲಿ ಪ್ರಕಟಿಸಿದ ಡ್ಯಾಫೊಡಿಲ್ ಹೂಗಳ ಪದ್ಯದಲ್ಲಿ ‘ಗ್ಲೀ’, ‘ಗೇ’, ‘ಬ್ಲಿಸ್’ ಎಂಬ ಮೂರೂ ಪದಗಳಿವೆ. ಗ್ಲೀ ಎಂಬುದು ಮೊದಲು ಹಾಡು, ವಾದ್ಯ, ಮನರಂಜನೆ. ೧೮ನೆಯ ಶತಮಾನದ ಇಂಗ್ಲೆಂಡಿನಲ್ಲಿ ವಾದ್ಯವಿಲ್ಲದೆ ಮೂರು ನಾಲ್ಕು ಕಂಠಗಳು ಸೇರಿ ಹಾಡುವ ಗೀತಕ್ಕೂ ಅದೇ ಹೆಸರು. ಇಂದು ಅದರಲ್ಲಿ ಕೆಲವೊಮ್ಮೆ ಒಂದು ಹುಳಿ ಸೇರಿರುತ್ತದೆ. ಎದುರಾಳಿಯು ಎಡವಿದಾಗ ಆಗುವ ಸಂತೋಷವನ್ನೂ ಗ್ಲೀ ಎನ್ನುತ್ತಾರೆ. ಬ್ಲಿಸ್ ಎಂಬುದು ಪರಮಸುಖ. ಆಶೀರ್ವದಿಸು ಎಂಬರ್ಥದ ‘ಬ್ಲೆಸ್’ ಅದರ ಅಕ್ಕನಂತೆ ಕಂಡರೂ ಬೇರೆ ಬೇರಿನದು, ಬಹುಕಾಲ ಒಂದೇ ಅಂಗಳದಲ್ಲಿ ಆಡಿ ಮುಖಚರ್ಯೆ ಒಂದಾಗಿದೆ ಅಷ್ಟೆ. ಗೇ ಎಂಬುದು ಆ ಕವಿಯ ಕಾಲದಲ್ಲಿ ಉಲ್ಲಾಸವುಳ್ಳ ಎಂಬರ್ಥದಲ್ಲಿತ್ತು. ೨೦ನೆಯ ಶತಮಾನದ ಉತ್ತರಾರ್ಧದಿಂದ ಅದು ಸಲಿಂಗಾನುರಾಗಿಗಳನ್ನು ಕುರಿತ ಪದವಾಗಿ ನೆಲೆಗೊಂಡಿರುವುದರಿಂದ ಹಳೆಯ ಅರ್ಥದಲ್ಲಿ ಯಾರೂ ಈಗ ಬರೆಯುವುದಿಲ್ಲ. ಹಳೆಯ ಪದ್ಯವನ್ನು ಹಳೆಯ ಅರ್ಥದಲ್ಲಿ ಓದತಕ್ಕದ್ದು, ಹೊಸ ಕಾಗದವನ್ನು ಹೊಸ ಅರ್ಥವನ್ನು ತಿಳಿದು ಬರೆಯತಕ್ಕದ್ದು. ತರಗತಿಯಲ್ಲಿ ಇದನ್ನು ಮುಚ್ಚಿಡುವುದಕ್ಕಿಂತ ನೇರವಾಗಿ ಹೇಳಿದರೆ ಕಿಸಕ್ಕನೆ ನಗುವುದು ತಾನಾಗಿ ನಿಲ್ಲುತ್ತದೆ.

ಆಡುಮಾತಿನ ನುಡಿಗಟ್ಟುಗಳು ಅನೇಕ. ಚಂದ್ರನ ಮೇಲೆ ಹಾರಿದವರು, ಗಾಳಿಯ ಮೇಲೆ ನಡೆಯುವವರು, ಒಂಬತ್ತನೆಯ ಮೋಡದ ಮೇಲೆ ಕುಳಿತವರು ಎಲ್ಲರೂ ಇಂಗ್ಲಿಷಿನಲ್ಲಿ ಸಂತೋಷಪಟ್ಟವರೇ. ನಮ್ಮಲ್ಲಿ ‘ಸ್ವರ್ಗಕ್ಕೆ ಮೂರೇ ಗೇಣು’ ಎನ್ನುವ ಹಾಗೆ. ‘ಆಸ್ ಪ್ಲೀಸ್ಡ್ ಆಸ್ ಪಂಚ್’ ಎಂಬುದರಲ್ಲಿಯ ಪಂಚ್ ಒಂದು ಗೊಂಬೆ. ಇಟಲಿಯಿಂದ ಬಂದ ಆ ಗೊಂಬೆಯಾಟವನ್ನು ಲಂಡನ್ನಿನಲ್ಲಿ ನೋಡಿದೆನೆಂದು ಸ್ಯಾಮ್ಯುಯೆಲ್ ಪೀಪ್ಸ್ ೧೬೬೨ರ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ತನ್ನ ಪುಂಡಾಟಿಕೆಗಳಿಗೆ ತಾನೇ ಮೆಚ್ಚಿಕೊಂಡು ಬೀಗುವುದು ಆ ಪಂಚನ ಗುಣ. ಆದ್ದರಿಂದ ಗುರುಹಿರಿಯರ ವಿಷಯದಲ್ಲಿ ಈ ಉಪಮೆಯನ್ನು ಬಳಸಬಾರದು. ನಮ್ಮವರು ‘ಹಾಲು ಕುಡಿದಷ್ಟು ಸಂತೋಷವಾಯಿತು’ ಎನ್ನುವುದನ್ನು ಇದ್ದಂತೆಯೇ ಇಂಗ್ಲಿಷು ಮಾಡಿದರೆ, ಓದಿದವರು ಆ ಮನುಷ್ಯನಿಗೆ ಹಾಲೆಂದರೆ ಬಹು 
ಪ್ರೀತಿಯೆಂದು ಮಾತ್ರ ತಿಳಿದಾರು.

ಹಾಗಾದರೆ ಪದಗಳನ್ನು ಎಲ್ಲಿಂದ ತರಬೇಕೆಂದು ತಾಯ್ತಂದೆಗಳು ಕೇಳಬಹುದು. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು ೧೮೫೨ರಲ್ಲಿ, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅರ್ಥಾನುಸಾರವಾಗಿ ಪದಗಳನ್ನು ಗುಂಪುಮಾಡಿದ ‘ಥೆಸಾರಸ್’ ಎಂಬ ಕೋಶವನ್ನು ಪ್ರಕಟಿಸಿದರು. ಅಂಥ ಪಟ್ಟಿಗಳು ಈಗ ಪ್ರತಿಯೊಂದು ಮೊಬೈಲಿನಲ್ಲಿಯೂ ಸಿಕ್ಕುತ್ತವೆ. ಆದರೆ ಅವು ಪದಗಳನ್ನು ಸಾಲಾಗಿ ನಿಲ್ಲಿಸುತ್ತವೆಯೇ ಹೊರತು ತೂಗಿಕೊಡುವುದಿಲ್ಲ. ಎರಡು ದಿನ ರಜೆ ಕೊಟ್ಟರೆ ತಾನು ‘ಎಕ್ಸ್ಟ್ಯಾಟಿಕ್’ ಆಗುವೆನೆಂದು ಬರೆದ ಒಂದು ಅರ್ಜಿಯು ನಮ್ಮ ಮೇಜಿನ ಮೇಲೆ ಬಂದಿತ್ತು. ಅಷ್ಟು ಆನಂದಕ್ಕೆ ನಾವು ಕಾರಣರಾಗಲು ಹೆದರಿ ಒಂದೇ ದಿನ ಕೊಟ್ಟೆವು. ಮೊದಲು ಕನ್ನಡದಲ್ಲಿ ತನಗೆ ಆದದ್ದೇನು, ಹಿಗ್ಗೋ ನೆಮ್ಮದಿಯೋ ತಣಿವೋ ಖುಷಿಯೋ ಎಂದು ಗೊತ್ತುಮಾಡಿಕೊಂಡು ಆಮೇಲೆ ಇಂಗ್ಲಿಷಿಗೆ ಹೋಗುವುದೇ ಮೇಲೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಿಟೆಲರು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟು ಇಂದಿಗೂ ಉಪಯುಕ್ತವಾಗಿದೆ. ದಪ್ಪವಾಗಿದೆಯೆಂದು ಹುಡುಗಿಯರು ದೂರುತ್ತಾರೆ.

ಕೆಲವು ವರುಷಗಳಿಂದ ನಾವು ಎಂಟನೆಯ ತರಗತಿಯಲ್ಲಿ ಜೂನ್ ತಿಂಗಳಿಂದ ಆಗಸ್ಟಿನವರೆಗೆ ಹ್ಯಾಪಿ ಎಂಬ ಪದಕ್ಕೆ ರಜೆ ಕೊಟ್ಟಿದ್ದೇವೆ. ಬರೆಯಕೂಡದೆಂದಲ್ಲ, ಬರೆದವಳು ಅದು ಯಾವ ಬಗೆಯ ಸಂತೋಷವೆಂದು ಕನ್ನಡದಲ್ಲಿ ಒಂದು ಸಾಲು ಕೆಳಗೆ ಬರೆಯಬೇಕು, ಅಷ್ಟೆ. ಕೆಂಪು ಶಾಯಿಯು ಇಂಗ್ಲಿಷಿನ ಸಾಲಿಗೆ ಮಾತ್ರ. ಕನ್ನಡದ ಸಾಲನ್ನು ನಾವು ಮುಟ್ಟುವುದಿಲ್ಲ. ಆ ಸಾಲುಗಳನ್ನು ಓದುವುದರಲ್ಲಿ ನಮಗೆ ಎಷ್ಟು ಮನೆಗಳ ಒಳಗು ತಿಳಿದುಬಂದಿದೆಯೆಂಬುದನ್ನು ಇಲ್ಲಿ ಬರೆಯಲಾಗದು. ಹಾಸ್ಟೆಲುಗಳಲ್ಲಿರುವ ಹೆಣ್ಣುಮಕ್ಕಳಿಂದ ಇಂಗ್ಲಿಷಿನ ಎರಡು ಸಾಲು ಬಂದರೆ, ಕನ್ನಡದಲ್ಲಿ ಒಮ್ಮೆ ಕೇಳಿ ನೋಡಬೇಕೆಂದು ಮಾತ್ರ ತಾಯ್ತಂದೆಗಳಲ್ಲಿ ವಿಜ್ಞಾಪಿಸುತ್ತೇವೆ.

ಆ ದಾದಿಯ ಹುಡುಗಿಯು ಶಿಕ್ಷಣವನ್ನು ಬಿಡಲಿಲ್ಲ. ಈಗ ಅವಳೇ ದಾದಿಯರಿಗೆ ಕಲಿಸುತ್ತಾಳೆ. ಕಳೆದ ತಿಂಗಳು ಅವಳಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಅವಳ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಗಿ ಗುಣವಾದ ಸಂಗತಿ. ರಾತ್ರಿ ಪಾಳಿಯಿಂದ ತಾನು ‘ರಿಲೀವ್ಡ್’ ಆದದ್ದು ಬೆಳಗಿನ ಏಳಕ್ಕೆ, ವೈದ್ಯರು ಹೊರಗೆ ಬಂದು ಮಾತಾಡಿದ ಮೇಲೆ ನಿಜವಾಗಿ ‘ರಿಲೀವ್ಡ್’ ಆದದ್ದು ಒಂಬತ್ತಕ್ಕೆ ಎಂದು ಬರೆದಿದ್ದಳು. ಒಂದು ಕಾಮಾ ತಪ್ಪಿತ್ತು. ನಾವು ಅದನ್ನು ಹಾಗೆಯೇ ಬಿಟ್ಟು, ಅವಳ ತಾಯಿಯವರ ಆರೋಗ್ಯವನ್ನು ವಿಚಾರಿಸಿ ಉತ್ತರ ಬರೆದೆವು.